ಮರಗೆಲಸದ ಮೇಳಕ್ಕೆ ಹೋಗುವ ಮುನ್ನ: ಹಲಗೆ, ಉಳಿ, ಹತ್ತರಿ ಕೊಂಡವರ ಅನುಭವ

ಪ್ರಶ್ನೆ: ಮೊದಲ ಸಲ ಮರಗೆಲಸದ ಮೇಳಕ್ಕೆ ಹೊರಟಿದ್ದೇನೆ. ಮರ ಕೀಸುವ ಒಂದು ಹತ್ತರಿ, ಎರಡು ಮೂರು ಉಳಿ, ಜೊತೆಗೆ ಒಂದು ಪುಸ್ತಕದ ಕಪಾಟಿಗೆ ಬೇಕಾಗುವಷ್ಟು ಹಲಗೆ ತರುವ ಆಸೆ. ಕೈಯಲ್ಲಿರುವ ದುಡ್ಡು ಲೆಕ್ಕದ್ದು. ಹೋಗಿ ಬಂದವರು ಏನು ನೋಡಬೇಕು, ಏನು ಬಿಡಬೇಕು ಅಂತ ಹೇಳುತ್ತೀರಾ?

ಉತ್ತರ: ಹಲಗೆಯ ಮಾತು ಮೊದಲು ಹೇಳಿಬಿಡುತ್ತೇನೆ, ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಒಂದು ಮೇಳದಲ್ಲಿ ಎರಡು ಇಂಚು ದಪ್ಪದ ವಾಲ್ನಟ್ ಹಲಗೆ ಸಿಕ್ಕಿತು. ಒಂದೂವರೆ ಅಡಿ ಅಗಲ, ಒಂದು ಗಂಟೂ ಇಲ್ಲ. ಪೂರ್ತಿ ಒಣಗಿದೆ ಅಂದರು, ನಂಬಿದೆ. ಮೇಜಿನ ಮೇಲ್ಹಲಗೆ ಮಾಡಿ, ಎಣ್ಣೆ ಹಚ್ಚಿ ಇಟ್ಟೆ. ಮೂರು ತಿಂಗಳಲ್ಲಿ ಅದು ದೋಣಿಯ ಹಾಗೆ ಬಾಗಿತು. ಒಂದು ತುದಿಯಲ್ಲಿ ಉಗುರು ತೂರುವಷ್ಟು ಸೀಳು ಬಿಟ್ಟಿತು. ಹೊರಗೆ ಒಣಗಿತ್ತು, ಒಳಗೆ ಹಸಿ ಇತ್ತು.

ಅವತ್ತಿನಿಂದ ತೇವದ ಮೀಟರ್ ಇಲ್ಲದೆ ಹಲಗೆಗೆ ದುಡ್ಡು ಕೊಟ್ಟಿಲ್ಲ. ಎರಡು ಸೂಜಿಯ ಸಾದಾ ಮೀಟರ್ ಸಾಕು. ಅದನ್ನು ತುದಿಗೆ ಮಾತ್ರ ಚುಚ್ಚಬೇಡಿ. ಮರ ತುದಿಯಿಂದ ಬೇಗ ಒಣಗುತ್ತದೆ, ಅಲ್ಲಿ ಬರುವ ಅಂಕಿ ಕಮ್ಮಿಯೇ ಇರುತ್ತದೆ. ನಡುಭಾಗದಲ್ಲಿ ಎರಡು ಮೂರು ಕಡೆ ನೋಡಿ. ಹಲಗೆ ದಪ್ಪ ಇದ್ದರೆ ಸೂಜಿ ಒಳಗಿನ ತನಕ ಹೋಗುವುದಿಲ್ಲ. ತುದಿಯಿಂದ ಒಂದು ಗೇಣು ಒಳಗೆ ಕೊಯ್ದು, ಆ ಹೊಸ ಮುಖದ ನಡುವೆ ಚುಚ್ಚಿ ನೋಡಬಹುದಾ ಅಂತ ಕೇಳಿ. ದೊಡ್ಡ ಹಲಗೆ ಕೊಳ್ಳುವಾಗ ಒಪ್ಪುವವರಿದ್ದಾರೆ. ಮನೆಯೊಳಗೆ ಇಡುವ ಸಾಮಾನಿಗೆ ತೇವ ಶೇ. 8ರಿಂದ 12ರ ಒಳಗಿದ್ದರೆ ನೆಮ್ಮದಿ. ಬರೀ ಗಾಳಿಗೆ ಒಣಗಿಸಿದ್ದಾದರೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇರುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಹಳೇ ಲೆಕ್ಕ ಅಂದಾಜಿಗೆ ಸರಿ. ಕೊಯ್ದು ಎಷ್ಟು ದಿನ ಆಯಿತು ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಇನ್ನೊಂದು, ಹಲಗೆಯ ತುದಿಯಲ್ಲಿ ಬಳೆಗಳನ್ನು, ಅಂದರೆ ಮರ ಬೆಳೆದ ಸುತ್ತುಗಳನ್ನು ನೋಡಿ. ಬಳೆಗಳು ಅಗಲದ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ಕಡಿಮೆ ಅಲುಗಾಡುತ್ತದೆ. ಬಳೆಯ ಗುಂಟ ಮರ ಕುಗ್ಗುವುದು, ಬಳೆಗೆ ಅಡ್ಡಲಾಗಿ ಕುಗ್ಗುವುದರ ಹೆಚ್ಚುಕಮ್ಮಿ ಎರಡರಷ್ಟು. ಮರದ ನಟ್ಟನಡುವಿನ ತಿರುಳು ಹಲಗೆಯಲ್ಲಿ ಸೇರಿದ್ದರೆ ಬಿಟ್ಟುಬಿಡಿ, ಅದು ಸೀಳದೆ ಇರುವುದು ಕಷ್ಟ.

ಉತ್ತರ: ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಹಲಗೆಯ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಉದ್ದಕ್ಕೆ ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ, ತುಂಡು ಮಾಡಿದ ಮೇಲೆ ಬಾಗು ಕಮ್ಮಿಯಾಗುತ್ತದೆ. ತಿರುಚಿಕೊಂಡಿದ್ದರೆ ಬೇಡವೇ ಬೇಡ. ಅದನ್ನು ಸಪಾಟು ಮಾಡುವಷ್ಟರಲ್ಲಿ ಅರ್ಧ ದಪ್ಪ ಹೋಗಿರುತ್ತದೆ. ಕೆಚ್ಚಿನ ಪಕ್ಕದ ಬಿಳಿ ಭಾಗದಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಇದ್ದು, ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇನ್ನೂ ಇರಬಹುದು. ಅಂಥದ್ದನ್ನು ನಿಮ್ಮ ಬೇರೆ ಮರದ ಹತ್ತಿರಕ್ಕೂ ತರಬೇಡಿ.

ಮನೆ ಬಿಡುವ ಮುಂಚೆ ಗಾಡಿಯೊಳಗೆ ಎಷ್ಟು ಉದ್ದದ ಹಲಗೆ ಹಿಡಿಯುತ್ತದೆ ಅಂತ ಟೇಪ್ ಹಿಡಿದು ಅಳೆದುಕೊಳ್ಳಿ.

ಉತ್ತರ: ನಾನು ಹಳೇ ಕೈ ಸಲಕರಣೆ ಹುಡುಕುವವನು. ಹೊಸ ಹತ್ತರಿಗೆ ಕೊಡುವ ದುಡ್ಡಲ್ಲಿ ಹಳೇ ಹತ್ತರಿ, ಒಳ್ಳೆ ಸಾಣೆಕಲ್ಲು ಎರಡೂ ಬರುತ್ತವೆ. ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಲಿಯೊನಾರ್ಡ್ ಬೇಯ್ಲಿ ರೂಪಿಸಿದ ಮಾದರಿಯ ಹತ್ತರಿ ಮಾಡಲು ಶುರು ಮಾಡಿತು. ಇವತ್ತಿಗೂ ಬಹಳಷ್ಟು ಕಬ್ಬಿಣದ ಹತ್ತರಿಗಳ ಕಟ್ಟು ಅದೇ. ಹಾಗಾಗಿ ಹಳೆಯದಕ್ಕೂ ಅಲಗು, ಸ್ಕ್ರೂ ಸಿಗುವುದು ಕಷ್ಟವಲ್ಲ. ಮೊದಲನೆಯದಾಗಿ 4ನೇ ನಂಬರ್ ಅಥವಾ 5ನೇ ನಂಬರ್ ನೋಡಿ. 4 ಸುಮಾರು 9 ಇಂಚು ಉದ್ದ, ನುಣುಪು ಮಾಡಲು. 5 ಸುಮಾರು 14 ಇಂಚು, ಎಲ್ಲ ಕೆಲಸಕ್ಕೂ ಒಗ್ಗುತ್ತದೆ. ಕಪಾಟಿನ ಕೆಲಸ ಅಂದರೆ ನಾನು 5 ತೆಗೆದುಕೊಳ್ಳಿ ಅನ್ನುತ್ತೇನೆ.

ಕೈಗೆತ್ತಿಕೊಂಡ ಕೂಡಲೇ ಬಿಚ್ಚಿ ನೋಡಲು ಅನುಮತಿ ಕೇಳಿ. ಬಾಯಿಯ (ತಳದಲ್ಲಿ ಅಲಗು ಹೊರಬರುವ ಸಂದಿನ) ಸುತ್ತ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಬಿರುಕಿದ್ದರೆ ಅಲ್ಲಿಗೇ ಬಿಡಿ. ಮೇಲೆ ಹಿಡಿದ ಕೆಂಪು ತುಕ್ಕಿಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ಅಲಗಿನ ಬೆನ್ನಿನಲ್ಲಿ, ಮೊನೆಯ ಹತ್ತಿರ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮಾತ್ರ ಯೋಚಿಸಿ. ನೀವು ಎಷ್ಟೇ ಮಸೆದರೂ ಆ ಗುಳಿ ಮೊನೆಗೆ ಬಂದಾಗ ಅಲ್ಲೊಂದು ಹಲ್ಲು ಮುರಿದ ಹಾಗೆ ಆಗಿ, ಮರದ ಮೇಲೆ ಗೀರು ಬೀಳುತ್ತದೆ. ಉಳಿಗೂ ಇದೇ ಮಾತು. ಉಳಿಯ ತುದಿ ನೀಲಿಗಟ್ಟಿದ್ದರೆ ಯಾರೋ ಯಂತ್ರದ ಕಲ್ಲಿಗೆ ಜಾಸ್ತಿ ಒತ್ತಿ ಹದ ಕೆಡಿಸಿದ್ದಾರೆ ಅಂತ ಅರ್ಥ. ಅಷ್ಟು ಭಾಗ ತೇಯ್ದು ತೆಗೆಯದೆ ಮೊನೆ ನಿಲ್ಲುವುದಿಲ್ಲ.

ಮೂಲೆ 90 ಡಿಗ್ರಿ ಇದೆಯಾ ಅಂತ ನೋಡುವ ಮೂಲೆಮಟ್ಟ ಕೊಳ್ಳುವುದಾದರೆ ಒಂದು ಪರೀಕ್ಷೆ. ನೇರ ಅಂಚಿನ ಹಲಗೆಗೆ ಒತ್ತಿ ಹಿಡಿದು ಗೆರೆ ಎಳೆಯಿರಿ. ಮಗುಚಿ ಹಾಕಿ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ ಇದೆ. ಬೇರೆ ಬೇರೆಯಾದರೆ, ನಡುವೆ ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. ಅರ್ಧ ನಿಮಿಷದ ಕೆಲಸ, ಹೊಸ ಮಟ್ಟಕ್ಕೂ ಮಾಡಿ.

ಉತ್ತರ: ಮೇಳದಲ್ಲಿ ಸಲಕರಣೆ ಓಡಿಸಿ ತೋರಿಸುವಾಗ ಅವರ ಕೈಯಲ್ಲಿ ಇರುವ ಮರ ನೋಡಿದ್ದೀರಾ? ಮೆತ್ತಗೆ, ಎಳೆ ನೇರ, ಗಂಟಿಲ್ಲ. ಅದರ ಮೇಲೆ ಯಾವ ಹತ್ತರಿಯಾದರೂ ರಿಬ್ಬನ್ನಿನಂಥ ಸಿಪ್ಪೆ ಎತ್ತುತ್ತದೆ. ನಾನು ಚೀಲದಲ್ಲಿ ಒಂದು ಅಡಿ ಉದ್ದದ ಗಟ್ಟಿ ಮರದ ತುಂಡು ಇಟ್ಟುಕೊಂಡು ಹೋಗುತ್ತೇನೆ. ಅದರಲ್ಲಿ ಒಂದು ಗಂಟು ಇದೆ, ಗಂಟಿನ ಸುತ್ತ ಎಳೆ ತಿರುಗಿದೆ. ‘ಇದರ ಮೇಲೆ ಒಂದು ಸಲ ಓಡಿಸುತ್ತೀರಾ?’ ಅಂತ ಕೇಳುತ್ತೇನೆ. ಒಳ್ಳೆ ಸಾಮಾನು ಮಾರುವವರು ಖುಷಿಯಿಂದ ಒಪ್ಪುತ್ತಾರೆ, ಆಮೇಲೆ ನನ್ನ ಕೈಗೇ ಕೊಡುತ್ತಾರೆ. ಹಿಡಿ ನಿಮ್ಮ ಅಂಗೈಗೆ ಕೂರುತ್ತದಾ ಅಂತ ಗೊತ್ತಾಗುವುದೂ ಆಗಲೇ.

ಮಸೆಯುವ ಕಲ್ಲು ಇನ್ನೂ ಕೊಂಡಿಲ್ಲ ಅಂದರೆ ಮೊದಲು ಅದಕ್ಕೆ ದುಡ್ಡು ತೆಗೆದಿಡಿ. ಹರಿತವಿಲ್ಲದ ಆರು ಉಳಿಗಿಂತ ಹರಿತವಾದ ಎರಡೇ ಉಳಿ ಕಪಾಟು ಮುಗಿಸಿಕೊಡುತ್ತವೆ. ಅರ್ಧ ಇಂಚು, ಮುಕ್ಕಾಲು ಇಂಚು ಸಾಕು.

ಕೇಳಿದವರು: ತುಂಬಾ ಉಪಕಾರವಾಯಿತು. ಒಂದು ಅನುಮಾನ. ಹಲಗೆಯನ್ನು ಬೋರ್ಡ್ ಫುಟ್ ಲೆಕ್ಕದಲ್ಲಿ ಮಾರುತ್ತಾರಂತೆ. ಕಪಾಟಿಗೆ ಎಷ್ಟು ತರಲಿ?

ಉತ್ತರ: ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ, ಇದು ಒಂದು ಬೋರ್ಡ್ ಫುಟ್. ದಪ್ಪ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಹಿಡಿದು ಗುಣಿಸಿ, 12ರಿಂದ ಭಾಗಿಸಿ. ಐದಡಿ ಎತ್ತರದ ಕಪಾಟು, 10 ಇಂಚು ಅಗಲ, ಒಂದು ಇಂಚು ದಪ್ಪದ ಹಲಗೆ, ಎರಡೂವರೆ ಅಡಿ ಉದ್ದದ ಐದು ಅರೆ (ಪುಸ್ತಕ ಇಡುವ ಅಡ್ಡ ಹಲಗೆ) ಅಂದುಕೊಳ್ಳೋಣ. ಎರಡು ಪಕ್ಕದ ಹಲಗೆಗೆ 8.3, ಐದು ಅರೆಗೆ 10.4, ಒಟ್ಟು 19ರ ಹತ್ತಿರ. ಸೀಳು, ಗಂಟು, ಕೊಯ್ತದಲ್ಲಿ ಹೋಗುವುದಕ್ಕೆ ಶೇ. 30 ಸೇರಿಸಿ, 25 ತನ್ನಿ. ಕಮ್ಮಿ ಬಿದ್ದರೆ ಅದೇ ಬಣ್ಣ, ಅದೇ ಎಳೆಯ ಮರ ಆಮೇಲೆ ಸಿಗುವುದಿಲ್ಲ. ಆಗುವುದಾದರೆ ಒಂದೇ ದಿಮ್ಮಿಯ ಹಲಗೆ ಕೇಳಿ.

ಗರಗಸದಿಂದ ಬಂದ ಒಂದು ಇಂಚಿನ ಒರಟು ಹಲಗೆ ಹತ್ತರಿ ಹೊಡೆದ ಮೇಲೆ ಮುಕ್ಕಾಲು ಇಂಚಿಗೆ ಬರುತ್ತದೆ. ಅದಕ್ಕೇ ಅರೆಯನ್ನು ಎರಡೂವರೆ ಅಡಿ ಅಂದಿದ್ದು. ಅದಕ್ಕಿಂತ ಉದ್ದವಾದರೆ ಪುಸ್ತಕದ ಭಾರಕ್ಕೆ ನಡುವೆ ಜಗ್ಗುತ್ತದೆ. ಉದ್ದ ಬೇಕೇ ಬೇಕು ಅಂದರೆ ದಪ್ಪ ಹಲಗೆ ತನ್ನಿ. ಮುಕ್ಕಾಲು ಇಂಚಿನ ಬದಲು ಪೂರ್ತಿ ಒಂದು ಇಂಚು ದಪ್ಪ ಉಳಿದರೆ ಬಿಗಿ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ.

ಉತ್ತರ: ಲೇತಿನಲ್ಲಿ ಕಡೆದು ಮಾಡುವ ಬಟ್ಟಲಿಗೆ ಅಂತ ಮೇಣ ಮೆತ್ತಿದ ದುಂಡು ತುಂಡುಗಳು ಚೆಂದ ಕಾಣುತ್ತವೆ, ಆಸೆಯಾಗುತ್ತದೆ. ಮೇಣ ಹಚ್ಚುವುದು ಒಳಗಿನ ತೇವ ಮೆಲ್ಲಗೆ ಹೋಗಲಿ ಅಂತ. ಅಂದರೆ ಬಹಳ ಸಲ ಒಳಗೆ ಹಸಿಯೇ. ತಂದರೆ ಮೇಲೆ ತಾರೀಕು, ತೂಕ ಬರೆದಿಟ್ಟು ತಿಂಗಳಿಗೊಮ್ಮೆ ತೂಗಿ. ಇಳಿಯುವುದು ನಿಂತಾಗ ಕೈ ಹಾಕಿ.

ಬೀಟೆ ಜಾತಿಯ ಮರ ಕೊಂಡು ದೇಶದ ಗಡಿ ದಾಟಿಸುವ ಯೋಚನೆ ಇದ್ದರೆ ಕಾಗದಪತ್ರ ಮೊದಲೇ ವಿಚಾರಿಸಿ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲ ಪೂರ್ತಿ 2017ರ ಜನವರಿಯಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಪಟ್ಟಿಯಲ್ಲಿದೆ.

ಉತ್ತರ: ಮನೆಗೆ ತಂದ ಹಲಗೆಯನ್ನು ಗೋಡೆಗೆ ಒರಗಿಸಿ ಇಡಬೇಡಿ, ಬಾಗುತ್ತದೆ. ನೆಲಕ್ಕೆ ತಾಗದ ಹಾಗೆ ಮಲಗಿಸಿ, ಒಂದೊಂದು ಹಲಗೆಯ ನಡುವೆ ಒಂದೇ ದಪ್ಪದ ರೀಪು ಕೊಡಿ, ಒಂದೂವರೆ ಅಡಿಗೊಂದರಂತೆ. ಮೇಲಿನ ರೀಪು ಕೆಳಗಿನದರ ನೇರಕ್ಕೇ ಬರಲಿ. ಕಪಾಟು ನಿಲ್ಲುವ ಕೋಣೆಯಲ್ಲೇ ಎರಡು ವಾರ ಬಿಡಿ. ಅಷ್ಟರಲ್ಲಿ ಹತ್ತರಿಯ ಅಲಗು ಮಸೆದು, ಬೇಡದ ಒಂದು ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಬಹುದು.