ಓಇಟಿಗೆ (ನರ್ಸ್, ಡಾಕ್ಟರಂಥವರ ಇಂಗ್ಲಿಷ್ ಪರೀಕ್ಷೆ) ಫ್ರೇಸಲ್ ವರ್ಬ್ ಕಲಿತವರು ಯಾರಿದ್ದೀರಿ? ಅನುಭವ ಹೇಳಿ

ಹಾಸನದ ಹುಡುಗಿ: ಬಿಎಸ್ಸಿ ನರ್ಸಿಂಗ್ ಆಗಿದೆ, ಯುಕೆಗೆ ಹೋಗ್ಬೇಕು. ಗ್ರಾಮರ್ ಪರವಾಗಿಲ್ಲ, ಕ್ರಿಯಾಪದಕ್ಕೆ ಆಫ್, ಅಪ್ ಸೇರಿ ಅರ್ಥವೇ ಬದಲಾಗೋ ಈ ಪುಟ್ ಆಫ್, ಪುಟ್ ಅಪ್, ಪುಟ್ ಡೌನ್ ತಲೆಗೇ ಹತ್ತಲ್ಲ. ಕೋಚಿಂಗ್ ಸೇರ್ಲಾ, ಮನೇಲೇ ಓದ್ಲಾ?

ಕುಡ್ಲದಕ್ಕ: ಕೋಚಿಂಗ್ ಹೆಸರೆತ್ತಬೇಡ ಮಾರಾಯ್ತಿ. ಒಂದು ಸೆಂಟರಿಗೆ ಇಪ್ಪತ್ತೆರಡು ಸಾವಿರ ಕಟ್ಟಿದ್ದೆ, ಜಿಎಸ್‌ಟಿ ಬೇರೆ. ನೋಟ್ಸಿಗೆ ಅಂತ ಮತ್ತೆ ಎರಡು ಸಾವಿರ, ಕೊಟ್ಟದ್ದು ಅಕ್ಷರ ಮಾಸಿದ ಜೆರಾಕ್ಸ್! ಅದರಲ್ಲಿ ಐನೂರು ಇಡಿಯಮ್, ಅಂದರೆ ನುಡಿಗಟ್ಟು. ಪರೀಕ್ಷೆಯ ರೋಲ್ ಪ್ಲೇಯಲ್ಲಿ ರೋಗಿಯ ಮಗಳಾದವಳು "ಶೀ ಕಾಂಟ್ ಕೀಪ್ ಎನಿಥಿಂಗ್ ಡೌನ್" ಅಂದಳು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಅಂತ ಅದು. ಐನೂರರಲ್ಲಿ ಅದೊಂದು ಇರಲಿಲ್ಲ. ಎನ್‌ಎಂಸಿಗೆ (ಯುಕೆಯಲ್ಲಿ ನರ್ಸ್‌ಗಳನ್ನು ನೋಂದಾಯಿಸುವ ಕೌನ್ಸಿಲ್) ಸ್ಪೀಕಿಂಗಲ್ಲಿ 350 ಬೇಕು, ನನಗೆ 340. ಪುನಃ ಫೀಸು, ಅದೂ ಆಸ್ಟ್ರೇಲಿಯನ್ ಡಾಲರಲ್ಲಿ. ಮೇಲಿಂದ ಬ್ಯಾಂಕಿನವರ ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಪಾವತಿಗೆ ಹಾಕುವ ಹೆಚ್ಚುವರಿ ಶುಲ್ಕ), ಆ ಮಾರ್ಕಪ್ಪಿಗೂ ಜಿಎಸ್‌ಟಿ.

ಧಾರವಾಡ ಮಾಸ್ತರ: ಪಟ್ಟಿ ಯಾಕ ಬೈತೀರಿ? ನಾವು ಕನ್ನಡ ಸಾಲ್ಯಾಗ ಪಟ್ಟಿ ಉರು ಹೊಡದ ಕಲ್ತವ್ರು. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಇವತ್ತಿಗೂ ಮರ್ತಿಲ್ಲ. ಈಗಿನವ್ರಿಗೆ ಕುಂತು ಓದೂದಂದ್ರ ಬ್ಯಾಸರ.

ಲೀಡ್ಸ್ ನೈಟ್ ಡ್ಯೂಟಿ: ಸರ್, ಇಲ್ಲಿ ಇಂಗ್ಲೆಂಡಲ್ಲಿ ಮಳೆಗೇನೂ ಬರ ಇಲ್ಲ, ಬೆಕ್ಕು ನಾಯಿ ಅಂದವರನ್ನ ಇನ್ನೂ ನೋಡಿಲ್ಲ. ವಾರ್ಡಲ್ಲಿ ಬೇಕಾಗೋದೇ ಬೇರೆ. ಥ್ರೋ ಅಪ್ ಅಂದ್ರೆ ವಾಂತಿ, ಕಮ್ ರೌಂಡ್ ಅಂದ್ರೆ ಎಚ್ಚರ ಆಗೋದು. ವಯಸ್ಸಾದ ಅಜ್ಜಿ "ಸ್ಪೆಂಡ್ ಎ ಪೆನ್ನಿ" ಅಂದ್ರೆ ಚಿಲ್ಲರೆ ಹುಡುಕಬೇಡಿ, ಬೇಗ ಟಾಯ್ಲೆಟ್ಟಿಗೆ ಕರ್ಕೊಂಡು ಹೋಗಿ. ಹಿಂದೆ ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ಹಾಕಬೇಕಿತ್ತು. ಇಂಟರ್‌ವ್ಯೂನಲ್ಲಿ "ಐ ಪಾಸ್ಡ್ ಔಟ್ ಇನ್ 2016" ಅಂದೆ. ಮೂರ್ಛೆ ಹೋಗಿದ್ದೆ ಅಂದ್ಕೊಂಡ್ರು. ಆಮೇಲೆ ಹ್ಯಾಂಡೋವರ್‌ನಲ್ಲಿ (ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸೋದು) ಕೇಳಿದ ವಾಕ್ಯಗಳನ್ನ ಪೂರ್ತಿ ಬರ್ಕೊಂಡೇ ಕಲಿತದ್ದು, ಬಿಡಿ ಪದ ಅಲ್ಲ.

ಧಾರವಾಡ ಮಾಸ್ತರ: ಪಾಸ್ ಔಟ್ ತಪ್ಪಂತ ಯಾರು ಹೇಳ್ಯಾರ? ಇಡೀ ದೇಶದಾಗ ನಡೀತದ. ಬಿಳಿಯರು ನಕ್ಕರಂತ ನಮ್ಮ ಇಂಗ್ಲಿಷ್ ತಪ್ಪೇನು?

ಲೀಡ್ಸ್ ನೈಟ್ ಡ್ಯೂಟಿ: ತಪ್ಪು ಅಂದ್ನಾ ಸರ್? ಆ ಹುಡುಗಿ ಕೆಲಸಕ್ಕೆ ಬರ್ತಿರೋದು ಇಲ್ಲಿಗೆ.

ಕೋರಮಂಗಲ ಕೋಡರ್: ಯೂಟ್ಯೂಬ್ ಸಾಕು ಗುರೂ, ಪುಕ್ಕಟೆ. ನಂಗೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೇಲಿ 7.5 ಬಂತು. 'ಟರ್ನ್ ಇಟ್ ಡೌನ್' ಸರಿ, 'ಟರ್ನ್ ಡೌನ್ ಇಟ್' ತಪ್ಪು, ಇಷ್ಟು ಗೊತ್ತಿದ್ರೆ ಮುಗೀತು. ದುಡ್ಡು ಸುರಿಯೋರು ದಡ್ಡರು.

ಕುಡ್ಲದಕ್ಕ: ದಡ್ಡರು ಯಾರು ಸ್ವಾಮಿ? ಕಾನ್ವೆಂಟಲ್ಲಿ ಓದಿ ಏಸಿ ರೂಮಲ್ಲಿ ಕೂತವರಿಗೆ ಹೇಳುವುದು ಸುಲಭ. ನಾನು ಮೂರು ಶಿಫ್ಟ್ ದುಡಿದು ಓದಿದ್ದು.

ಕೋರಮಂಗಲ ಕೋಡರ್: ಕಾನ್ವೆಂಟ್ ಅಂತ ಯಾರ್ ಹೇಳಿದ್ದು? ನಾನು ಚನ್ನರಾಯಪಟ್ಟಣದ ಸರ್ಕಾರಿ ಶಾಲೆ. ಮಾರ್ಕಪ್ ಇಲ್ಲದ ಕಾರ್ಡ್ ಇರುತ್ತೆ, ಅದೂ ಗೊತ್ತಿಲ್ಲ ನಿಮಗೆ.

ಹಾಸನದ ಹುಡುಗಿ: ಅಕ್ಕ, ಆ ಸೆಂಟರ್ ಹಾಸನದಲ್ಲೂ ಇದೆಯಾ? ನಿನ್ನೆ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಕುಡ್ಲದಕ್ಕ: ರಸೀದಿ ಉಂಟಾ? ಮೊದಲು ಅದು ಹೇಳು. ಕೋಡರ್ ಅವರೇ, ಆ ಕಾರ್ಡು ಯಾವುದು? ವಾರ್ಷಿಕ ಫೀಸು ಎಷ್ಟು?