10 ಸಾವಿರ ಕಿ.ಮೀ.ಗೇ ಇಂಜಿನ್ ಆಯಿಲ್ ಬದಲಿಸಬೇಕಾ? ಲ್ಯಾಬ್ ರಿಪೋರ್ಟ್ ಹಾಕಿದೀನಿ, ನೋಡಿ ಹೇಳಿ

ನಾಲೆಏರಿ_ಮಂಡ್ಯ:

ಎಲ್ರಿಗೂ ನಮಸ್ಕಾರ. ನಂದು 1.5 ಲೀಟರ್ ಡೀಸೆಲ್ ಗಾಡಿ, ಬಿಎಸ್6, ಡಿಪಿಎಫ್ (ಹೊಗೇಲಿರೋ ಮಸಿ ಹಿಡಿಯೋ ಫಿಲ್ಟರ್) ಇರೋದು. ವಾರಂಟಿ ಮುಗಿದಿದೆ. ಕೆಲಸ ಮೈಸೂರಲ್ಲಿ, ಮನೆ ಮಂಡ್ಯದ ಹತ್ರ ಹಳ್ಳೀಲಿ. ಓಡಾಟ ಹೆಚ್ಚುಪಾಲು ಹೈವೇನೇ. ಆದರೆ ಹೈವೇಗೆ ಬರೋವರೆಗೂ ವಿ.ಸಿ. ನಾಲೆ ಏರಿ ಮೇಲೆ ಮಣ್ಣು ರಸ್ತೆ. ಕಬ್ಬು ಕಡಿಯೋ ಟೈಮಲ್ಲಿ ಮುಂದೆ ಲೋಡ್ ಟ್ರ್ಯಾಕ್ಟರ್ ಸಿಕ್ಕಿದರೆ ಮುಗೀತು. ಒಂದು ಕಡೆ ನಾಲೆ, ಇನ್ನೊಂದು ಕಡೆ ಗದ್ದೆ, ಸೈಡ್ ಹೊಡೆಯೋಕೆ ಜಾಗ ಇಲ್ಲ, ಅವನ ಧೂಳು ಕುಡ್ಕೊಂಡೇ ಹೋಗಬೇಕು.

ಕಂಪನಿ ಹೇಳೋದು 10,000 ಕಿ.ಮೀ. ಅಥವಾ ಒಂದು ವರ್ಷ. ನನಗೆ ಕಿ.ಮೀ. ಬೇಗ ಆಗಿಬಿಡುತ್ತೆ. ಜರ್ಮನಿಯಲ್ಲಿರೋ ನಮ್ಮ ಭಾವಮೈದ 'ಇಲ್ಲಿ ಕೆಲವು ಗಾಡಿಗೆ 30,000 ಕಿ.ಮೀ.ವರೆಗೂ ಬಿಡ್ತಾರೆ, ನೀವ್ಯಾಕೆ ಸುಮ್ನೆ ದುಡ್ಡು ಸುರೀತೀರಿ' ಅಂತ ತಲೆಗೆ ಹುಳ ಬಿಟ್ಟ. ಅದಕ್ಕೇ ಈ ಸಲ ಡ್ರೈನ್ ಮಾಡದೆ, 10 ಸಾವಿರಕ್ಕೆ ಸ್ಯಾಂಪಲ್ ಮಾತ್ರ ತೆಗೆಸಿ ಲ್ಯಾಬಿಗೆ ಕಳಿಸಿದೆ. ಆಯಿಲ್ 5ಡಬ್ಲ್ಯು-30, ಸಿ3 ದರ್ಜೆ.

ಕಬ್ಬಿಣ 46 ಪಿಪಿಎಂ (ಹತ್ತು ಲಕ್ಷದಲ್ಲಿ 46 ಪಾಲು), ಅಲ್ಯೂಮಿನಿಯಂ 12, ಕ್ರೋಮಿಯಂ 3, ತಾಮ್ರ 5, ಸೀಸ 1, ಸಿಲಿಕಾನ್ 38. ಸೋಡಿಯಂ, ಪೊಟ್ಯಾಸಿಯಂ ಲೆಕ್ಕಕ್ಕಿಲ್ಲ. 100 ಡಿಗ್ರಿಯಲ್ಲಿ ವಿಸ್ಕಾಸಿಟಿ, ಅಂದ್ರೆ ಆಯಿಲಿನ ಮಂದತನ, 9.7 (ಹೊಸದರ ಡಬ್ಬದ ಮೇಲೆ 12.0). ಟಿಬಿಎನ್ 4.4, ಹೊಸದರಲ್ಲಿ 7.2. ಕೊನೇಲಿ 'ನಾರ್ಮಲ್' ಅಂತ ಷರಾ.

15,000ಕ್ಕೆ ಎಳೀಬಹುದಾ?

ಗ್ಯಾರೇಜ್_ಶ್ರೀರಂಗಪಟ್ಟಣ:

ಅಣ್ಣೋ, ಈ ಲ್ಯಾಬು ಗೀಬು ಎಲ್ಲ ಯಾಕೆ ಬೇಕಿತ್ತು. ಅದಕ್ಕೆ ಕೊಟ್ಟ ಕಾಸು, ಕೊರಿಯರ್ ಕಾಸು ಸೇರ್ಸಿದ್ರೆ ಅರ್ಧ ಆಯಿಲ್ ಬತ್ತಿತ್ತು. ಆದ್ರೂ ಒಂದು ಮಾತು ಒಪ್ಕೋತೀನಿ. ಡಿಪ್‌ಸ್ಟಿಕ್ ಎಳ್ದು, ಎರಡು ಬೆರಳಲ್ಲಿ ಉಜ್ಜಿ, 'ಕಪ್ಪಗಾಗೈತೆ, ಹೋಯ್ತು ಇದು' ಅನ್ನೋರ ಮಾತು ನಂಬ್ಬೇಡಿ. ಡೀಸೆಲ್ ಇಂಜಿನ್ನಿಗೆ ಹೊಸ ಆಯಿಲ್ ಹಾಕಿ ಒಂದು ವಾರ ಓಡ್ಸಿದ್ರೆ ಕಪ್ಪಾಯ್ತದೆ. ಮಸೀನ ಹಿಡ್ಕೊಳ್ಳೋದೇ ಅದರ ಕೆಲಸ. ಬಣ್ಣ ನೋಡಿ ಏನೂ ಹೇಳಕ್ಕಾಗಲ್ಲ.

ಒಂದು ಕೇಳ್ತೀನಿ, ಸ್ಯಾಂಪಲ್ ಹೆಂಗೆ ತೆಗುದ್ರು? ತಣ್ಣಗಿರೋ ಗಾಡೀಲಿ ಡ್ರೈನ್ ಬೋಲ್ಟ್ ಬಿಚ್ಚಿ ಮೊದಲು ಬಂದಿದ್ದನ್ನೇ ಹಿಡುದ್ರೆ ತಳದ ಗಸಿ ಎಲ್ಲ ಅದ್ರಲ್ಲೇ ಇರ್ತದೆ.

ನಾಲೆಏರಿ_ಮಂಡ್ಯ:

ಇಲ್ಲ ಗುರುವೇ. ಮೈಸೂರಿಂದ ಬಂದು ಬಿಸಿ ಇದ್ದಾಗಲೇ, ಡಿಪ್‌ಸ್ಟಿಕ್ ಪೈಪಿಗೆ ಹೊಸ ಟ್ಯೂಬ್ ಬಿಟ್ಟು ಕೈ ಪಂಪಲ್ಲಿ ಎಳೆದಿದ್ದು. ಬಾಟ್ಲಿ ಲ್ಯಾಬಿನವರದ್ದೇ.

ಮೇಟಗಳ್ಳಿ_ಮೆಂಟೇನೆನ್ಸ್:

ಹಾಗಿದ್ದರೆ ಸ್ಯಾಂಪಲ್ ಸರಿಯಾಗಿದೆ, ನಂಬಬಹುದು. ಫ್ಯಾಕ್ಟರಿಯಲ್ಲಿ ಜನರೇಟರ್, ಕಂಪ್ರೆಸರ್ ಆಯಿಲ್ ಲ್ಯಾಬಿಗೆ ಕಳಿಸೋದು, ಬಂದ ರಿಪೋರ್ಟ್ ಓದೋದು ನನ್ನ ಕೆಲಸ, ಅದರ ಮೇಲೆ ಹೇಳ್ತಿದೀನಿ. 15,000 ಬೇಡ ಸರ್. ಈಗಲೇ ಬದಲಿಸಿ. ಕಾರಣ ನೀವು ಅಂದುಕೊಂಡಿರೋ ಕಡೆ ಇಲ್ಲ.

ಟಿಬಿಎನ್ ಅಂದ್ರೆ ಆಮ್ಲ ತಡೆಯೋಕೆ ಆಯಿಲಲ್ಲಿ ಉಳಿದಿರೋ ಶಕ್ತಿ. ಸಿ3 ಆಯಿಲ್ ಡಿಪಿಎಫ್ ಕಟ್ಟಿಕೊಳ್ಳದಿರಲಿ ಅಂತ ಬೂದಿ ಕಡಿಮೆ ಇಟ್ಟು ಮಾಡಿದ್ದು, ಅದರ ಟಿಬಿಎನ್ ಮೊದಲಿಂದಲೂ ಕಡಿಮೆನೇ. ಹಳೇ ಲಾರಿ ಆಯಿಲ್ ಲೆಕ್ಕದಲ್ಲಿ ನೋಡಿ ಗಾಬರಿ ಬೀಳೋರಿದಾರೆ. ಬಿಎಸ್6 ಡೀಸೆಲಲ್ಲಿ ಗಂಧಕ 10 ಪಿಪಿಎಂ ಮಾತ್ರ, ಮೊದಲಿನಷ್ಟು ಆಮ್ಲ ಹುಟ್ಟೋದೇ ಇಲ್ಲ. ಅರ್ಧಕ್ಕೆ ಇಳಿಯೋವರೆಗೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇದೊಂದನ್ನೇ ನೋಡಿದ್ದರೆ 'ಎಳೀರಿ' ಅಂತಿದ್ದೆ.

ವಿಸ್ಕಾಸಿಟಿ ಅಷ್ಟು ಚೆನ್ನಾಗಿಲ್ಲ. 5ಡಬ್ಲ್ಯು-30ರಲ್ಲಿರೋ ಆ 30ರ ದರ್ಜೆ ಅಂದ್ರೆ 9.3ರಿಂದ 12.5ರೊಳಗೆ ಇರಬೇಕು. ನಿಮ್ಮದು 9.7, ಬೇಲಿ ಒಳಗಿದೆ ಅಂತ ಲ್ಯಾಬಿನವರು ನಾರ್ಮಲ್ ಬರೆದರು. ಆದರೆ 12ರಿಂದ ಇಳಿದಿದ್ದು ಐದರಲ್ಲೊಂದು ಪಾಲು. ಡಿಪಿಎಫ್‌ನ ಮಸಿ ಸುಡೋಕೆ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲಿಗೆ ಸೇರುತ್ತೆ. ಸುಡ್ತಾ ಇರೋವಾಗ ಪದೇ ಪದೇ ಗಾಡಿ ಆಫ್ ಮಾಡೋರಿಗೆ ಇದು ಜಾಸ್ತಿ. ಡಿಪ್‌ಸ್ಟಿಕ್ಕಲ್ಲಿ ಮಟ್ಟ ಏರಿದೆಯಾ ನೋಡಿ. ಏರಿದ್ದರೆ ಡೀಸೆಲ್ಲೇ.

ನಿಜವಾದ ತಲೆನೋವು ಸಿಲಿಕಾನ್ 38. ಅಂದ್ರೆ ಮಣ್ಣು. ಹೊಸ ಆಯಿಲಲ್ಲೂ ನೊರೆ ತಡೆಯೋಕೆ ಅಂತ ನಾಲ್ಕೈದು ಪಿಪಿಎಂ ಇರುತ್ತೆ, ಹೊಸ ಇಂಜಿನ್ನಲ್ಲಿ ಜಾಯಿಂಟಿಗೆ ಹಚ್ಚೋ ಸೀಲೆಂಟಿಂದಲೂ ಬರುತ್ತೆ. ಆದರೆ ಸೀಲೆಂಟಿಂದ ಬಂದ ಸಿಲಿಕಾನ್ ಒಂಟಿಯಾಗಿ ಬರುತ್ತೆ. ನಿಮ್ಮದರಲ್ಲಿ ಸಿಲಿಕಾನ್ ಮೂರು ಪಾಲಿದ್ದರೆ ಅಲ್ಯೂಮಿನಿಯಂ ಒಂದು ಪಾಲಿದೆ. ಮಣ್ಣಲ್ಲಿ ಇವೆರಡೂ ಜೊತೆಗೇ ಇರುತ್ತವೆ. ಜೊತೆಗೆ ಸಿಲಿಂಡರ್ ಲೈನರಿನ ಕಬ್ಬಿಣ, ಪಿಸ್ಟನ್ ರಿಂಗಿನ ಕ್ರೋಮಿಯಂ. ಬೇರಿಂಗಿನ ಸೀಸ, ತಾಮ್ರ ಏರಿಲ್ಲ. ಸವೀತಿರೋದು ಮೇಲ್ಭಾಗ, ಅಂದ್ರೆ ಧೂಳು ಗಾಳಿ ಜೊತೆ ಒಳಗೆ ಹೋಗ್ತಿದೆ. ಏರ್ ಫಿಲ್ಟರ್ ಡಬ್ಬ ಬಿಚ್ಚಿ. ಫಿಲ್ಟರ್ ಎಷ್ಟು ಕೊಳಕಾಗಿದೆ ಅಂತಲ್ಲ, ಗಾಳಿ ಫಿಲ್ಟರ್ ದಾಟಿ ಹೊರಬರೋ ಕಡೆ, ಟರ್ಬೋಗೆ ಹೋಗೋ ಪೈಪ್ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ ನೋಡಿ.

ಗ್ಯಾರೇಜ್ ಅಣ್ಣನ ಲೆಕ್ಕ ತಪ್ಪಲ್ಲ. ರೈಲ್ವೆ ಡೀಸೆಲ್ ಶೆಡ್‌ಗಳಲ್ಲಿ ಲೋಕೋ ಆಯಿಲ್ ಟೆಸ್ಟ್ ಮಾಡೋಕೆ ಲ್ಯಾಬೇ ಇಟ್ಟಿರೋದು, ಒಂದೊಂದು ಇಂಜಿನ್ನಿಗೆ ನೂರಾರು ಲೀಟರ್ ಹಿಡಿಯುತ್ತೆ ಅಂತ. ನಾಲ್ಕೂವರೆ ಲೀಟರಿನ ಕಾರಿಗೆ ಆಯಿಲ್ ಉಳಿಸೋಕೆ ಅಂತ ಟೆಸ್ಟ್ ಮಾಡಿಸಿದರೆ ಗಿಟ್ಟಲ್ಲ. ಹೀಗೆ ಒಳಗಿನ ರೋಗ ಹಿಡಿಯೋಕೆ ಗಿಟ್ಟುತ್ತೆ. ಅದಕ್ಕೂ ಒಂದು ಮಿತಿ ಇದೆ. ಲ್ಯಾಬಿನ ಯಂತ್ರಕ್ಕೆ ಕಾಣೋದು ಐದೆಂಟು ಮೈಕ್ರಾನ್ ಒಳಗಿನ ಕಣ ಮಾತ್ರ. ದಪ್ಪ ಚೂರು ಉದುರ್ತಿದ್ದರೆ ರಿಪೋರ್ಟ್ ಚೆನ್ನಾಗೇ ಕಾಣಬಹುದು.

ನಾಲೆಏರಿ_ಮಂಡ್ಯ:

ಬಿಚ್ಚಿದೆ ಸರ್. ಡಬ್ಬದ ನಾಲ್ಕು ಕ್ಲಿಪ್ಪಲ್ಲಿ ಹಿಂದಿನದೊಂದು ಹಾಕೇ ಇರಲಿಲ್ಲ, ಬ್ಯಾಟರಿ ಕಡೆ ಇರೋದು, ಕೈ ಹೋಗೋದೇ ಕಷ್ಟ. ಹೋದ ಸರ್ವೀಸಲ್ಲಿ ಫಿಲ್ಟರ್ ಹಾಕಿದ ಪುಣ್ಯಾತ್ಮ ಅದನ್ನ ಹಾಗೇ ಬಿಟ್ಟಿದಾನೆ. ಆ ಮೂಲೇಲಿ ಫಿಲ್ಟರಿನ ರಬ್ಬರ್ ಅಂಚು ಮಡಚಿಕೊಂಡು ಕೂತಿತ್ತು, ಅಲ್ಲಿಂದ ಪೈಪಿನವರೆಗೂ ಗೆರೆ ಎಳೆದ ಹಾಗೆ ಕೆಂಪು ಮಣ್ಣು. ಹಿಟ್ಟಿನಷ್ಟು ನುಣ್ಣಗಿತ್ತು. ಬಟ್ಟೆ ಪೂರಾ ಕೆಂಪಾಯ್ತು. ಡಿಪ್‌ಸ್ಟಿಕ್ ಮಟ್ಟ ಮ್ಯಾಕ್ಸ್ ಗೆರೆಗಿಂತ ಕೂದಲೆಳೆ ಮೇಲಿದೆ, ನಾನಂತೂ ಟಾಪ್‌ಅಪ್ ಮಾಡಿಲ್ಲ.

ಗ್ಯಾರೇಜ್_ಶ್ರೀರಂಗಪಟ್ಟಣ:

ಸಿಕ್ತಲ್ಲ ಕಳ್ಳ! ಆ ಫಿಲ್ಟರ್ ಎಸ್ದುಬುಡಿ, ಮಡಚ್ಕೊಂಡಿರೋ ಅಂಚು ಮತ್ತೆ ಸರಿಯಾಗಿ ಕೂರಾಕಿಲ್ಲ. ಡಬ್ಬ, ಪೈಪು ಒದ್ದೆ ಬಟ್ಟೇಲಿ ಒರೆಸಿ. ಏರ್ ಗನ್ ಹಿಡೀಬೇಡಿ, ಇರೋ ಮಣ್ಣೂ ಟರ್ಬೋ ಒಳಕ್ಕೆ ಹೋಯ್ತದೆ. ಲ್ಯಾಬ್ ಬಗ್ಗೆ ನಾನಂದಿದ್ದು ವಾಪಸ್ ತಗೊಳ್ಳಲ್ಲ, ಆದ್ರೆ ಅರ್ಧ ವಾಪಸ್.

ಮೇಟಗಳ್ಳಿ_ಮೆಂಟೇನೆನ್ಸ್:

ಆಯಿಲ್, ಆಯಿಲ್ ಫಿಲ್ಟರ್ ಎರಡೂ ಇವತ್ತೇ ಬದಲಿಸಿ. ಅಷ್ಟು ನುಣುಪು ಮಣ್ಣನ್ನ ಆಯಿಲ್ ಫಿಲ್ಟರ್ ಪೂರ್ತಿ ಹಿಡಿಯಲ್ಲ, ಸುತ್ತಿ ಸುತ್ತಿ ಇಂಜಿನ್ನಿಗೇ ಬರುತ್ತೆ. ಮುಂದಿನ ಸ್ಯಾಂಪಲ್ 5,000ಕ್ಕೆ ತೆಗೀರಿ, ಅದೇ ಲ್ಯಾಬಿಗೆ ಕಳಿಸಿ, ಅದೇ ಆಯಿಲ್ ಹಾಕಿ. ಬ್ರ್ಯಾಂಡ್ ಬದಲಾದರೆ ಹೋಲಿಸೋಕೆ ಆಗಲ್ಲ. ಅರ್ಧ ಓಟಕ್ಕೆ ಅರ್ಧ ಬರೋದು ಸಹಜ, ಹಾಗಾಗಿ ಕಿ.ಮೀ. ಲೆಕ್ಕ ಹಾಕಿ ಹೋಲಿಸಿ. ಆ ಲೆಕ್ಕದಲ್ಲೂ ಸಿಲಿಕಾನ್, ಕಬ್ಬಿಣ ಎರಡೂ ಇಳಿದಿದ್ದರೆ ಇಂಜಿನ್ ಬಚಾವ್. ಸಿಲಿಕಾನ್ ಇಳಿದು ಕಬ್ಬಿಣ ಇಳೀದೆ ಇದ್ದರೆ ರಿಂಗ್ ಕಥೆ ನೋಡಬೇಕಾಗುತ್ತೆ, ಕಂಪ್ರೆಶನ್ ಚೆಕ್ ಮಾಡಿಸಿ.

ಕುವೆಂಪುನಗರ_ಪೆಟ್ರೋಲ್:

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದು ಪೆಟ್ರೋಲ್ ಕಾರು. ಮಗಳ ಸ್ಕೂಲು, ತರಕಾರಿ, ಇಷ್ಟೇ ಓಟ. ವರ್ಷಕ್ಕೆ 3,000 ಕಿ.ಮೀ. ಕೂಡ ಆಗಲ್ಲ. ಮಣ್ಣು ರಸ್ತೆ ಇಲ್ಲವೇ ಇಲ್ಲ. ನಾನು ಎರಡು ವರ್ಷ ಬಿಡಬಹುದಾ?

ಮೇಟಗಳ್ಳಿ_ಮೆಂಟೇನೆನ್ಸ್:

ಬೇಡ ಮೇಡಂ. ಎರಡು ಮೂರು ಕಿ.ಮೀ. ಓಟದಲ್ಲಿ ಆಯಿಲ್ ಸರಿಯಾಗಿ ಬಿಸಿಯೇ ಆಗಲ್ಲ, ಒಳಗೆ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗೋಕೆ ಟೈಮೇ ಸಿಗಲ್ಲ. ಕಿ.ಮೀ. ಮರೆತುಬಿಡಿ, ವರ್ಷಕ್ಕೊಂದು ಸಲ ಬದಲಿಸಿ. ನಿಮಗೆ ಲ್ಯಾಬ್ ಖರ್ಚು ಬೇಕಿಲ್ಲ. ಭಾನುವಾರ ನಂಜನಗೂಡಿಗೋ ಎಲ್ಲಿಗೋ ಒಂದು ಸುತ್ತು ಹೋಗಿ ಬನ್ನಿ, ಗಾಡಿಗೂ ಒಳ್ಳೇದು.