ಇಎಸ್‌ಐನಲ್ಲಿ 70 ದಿನ ಆಗಿಲ್ಲ, ಹೆರಿಗೆ ಭತ್ಯೆ ಬರಲ್ಲ ಅಂತಿದ್ದಾರೆ. ಸರಿಯಾ?

ಪ್ರಶ್ನೆ: ಚೊಚ್ಚಲ_ಅಪ್ಪ

ಪತ್ನಿ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ 2025ರ ಆಗಸ್ಟ್ 4ರಿಂದ ಕೆಲಸಕ್ಕಿದ್ದಾಳೆ. ಸಂಬಳ 19,500, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗುತ್ತಿದೆ. ಹೆರಿಗೆಗೆ ಕೊಟ್ಟಿರುವ ದಿನ 2026ರ ಫೆಬ್ರವರಿ 18, ಮೊದಲ ಮಗು. ಆಗಸ್ಟ್‌ನಿಂದ ಲೆಕ್ಕ ಹಾಕಿದರೆ ನೂರಕ್ಕೂ ಹೆಚ್ಚು ದಿನ ಆಗಿದೆ, ಆದರೂ "70 ದಿನ ಆಗಿಲ್ಲ" ಅನ್ನುತ್ತಾರೆ ಎಚ್‌ಆರ್. ಇದಕ್ಕೂ ಮುಂಚೆ 2024ರ ಅಕ್ಟೋಬರ್‌ನಿಂದ 2025ರ ಜನವರಿ ಕೊನೆವರೆಗೆ ಗಾರ್ಮೆಂಟ್ಸ್‌ನಲ್ಲಿದ್ದಳು, ಅಲ್ಲೂ ಇಎಸ್‌ಐ ಇತ್ತು. ಜನವರಿಯಲ್ಲಿ ಸಂಬಳ 22,000 ಆಗಬಹುದು, ಅದರಿಂದ ತೊಂದರೆ ಇದೆಯಾ? ಕೇಂದ್ರದ ಮಾತೃ ವಂದನಾ ಯೋಜನೆಯ 5,000 ಸಿಗುತ್ತಾ? ನಾನು ಅಂಚೆ ಇಲಾಖೆಯ ಕಾಯಂ ನೌಕರ, ನನಗೆ ಎಷ್ಟು ದಿನ ರಜೆ?

ಉತ್ತರ 1: ಪೀಣ್ಯ_ಪೇರೋಲ್

80 ದಿನ ಕೆಲಸ ಮಾಡಿದ್ದರೆ ಕಂಪನಿಯೇ 26 ವಾರದ ಸಂಬಳ ಕೊಡಬೇಕು ಸರ್, ಕಾನೂನೇ ಇದೆ. ಎಚ್‌ಆರ್‌ಗೆ ಇಮೇಲ್ ಹಾಕಿ, ಬಾಯಿಮಾತು ಬೇಡ.

ಉತ್ತರ 2: ಶಾಖಾ_ಕಚೇರಿ_ಸಾಲು

ಆ 80 ದಿನದ ಲೆಕ್ಕ ಇಎಸ್‌ಐ ವ್ಯಾಪ್ತಿಗೆ ಬರದವರಿಗೆ, ಅಂದರೆ ಮುಖ್ಯವಾಗಿ 21,000 ದಾಟಿದ ಸಂಬಳದವರಿಗೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ನಿಯಮ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, 80 ದಿನವೂ 26 ವಾರವೂ ಹಾಗೇ ಇವೆ. ಇಎಸ್‌ಐ ಇರುವವರಿಗೆ ದುಡ್ಡು ಕೊಡುವುದು ಇಎಸ್‌ಐ, ಲೆಕ್ಕ 70 ದಿನದ್ದು.

ಎಡವಟ್ಟಾಗಿರುವುದು *ಯಾವ* 70 ದಿನ ಅನ್ನುವಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ವಂತಿಗೆ ಅವಧಿ (ಇಎಸ್‌ಐಗೆ ಹಣ ಕಟ್ಟುವ ಆರು ತಿಂಗಳು), ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಏಪ್ರಿಲ್–ಸೆಪ್ಟೆಂಬರ್ ಕಟ್ಟಿದ್ದಕ್ಕೆ ಫಲ ಮುಂದಿನ ಜನವರಿ–ಜೂನ್‌ನಲ್ಲಿ. ಅಕ್ಟೋಬರ್–ಮಾರ್ಚ್ ಕಟ್ಟಿದ್ದಕ್ಕೆ ಜುಲೈ–ಡಿಸೆಂಬರ್‌ನಲ್ಲಿ. ನಿಮ್ಮ ಹೆರಿಗೆ ಫೆಬ್ರವರಿಯಲ್ಲಿ, ಹಾಗಾಗಿ ನೋಡುವುದು 2025ರ ಏಪ್ರಿಲ್–ಸೆಪ್ಟೆಂಬರ್ ಮತ್ತು ಅದರ ಹಿಂದಿನ ಅವಧಿ, ಅಂದರೆ 2024ರ ಅಕ್ಟೋಬರ್–2025ರ ಮಾರ್ಚ್. ಈ ಎರಡೂ ಸೇರಿ 70 ದಿನ ಸಾಕು. 2025ರ ಅಕ್ಟೋಬರ್‌ನಿಂದ ಈಚೆಗೆ ದುಡಿದ ಒಂದು ದಿನವೂ ಈ ಹೆರಿಗೆಯ ಲೆಕ್ಕಕ್ಕಿಲ್ಲ.

ಹೊಸ ಕಂಪನಿಯಲ್ಲಿ ಸೆಪ್ಟೆಂಬರ್ 30ರವರೆಗೆ ಹೆಚ್ಚೆಂದರೆ 28+30, ಒಟ್ಟು 58 ದಿನ. ಎಚ್‌ಆರ್ ನೋಡುತ್ತಿರುವುದು ಅದನ್ನೇ. ಹಳೇ ಗಾರ್ಮೆಂಟ್ಸ್‌ನ ನಾಲ್ಕು ತಿಂಗಳು ಎಲ್ಲಿ ಹೋಯಿತು? ಬಹುಶಃ ಹೊಸ ಕಂಪನಿಯವರು ಹಳೇ ವಿಮಾ ಸಂಖ್ಯೆ ಹಾಕದೆ ಹೊಸದನ್ನೇ ಮಾಡಿಸಿದ್ದಾರೆ. ಎರಡು ಸಂಖ್ಯೆ ಆದರೆ ಕಂಪ್ಯೂಟರ್‌ಗೆ ಅವರು ಇಬ್ಬರು ಹೆಂಗಸರು! ಅಷ್ಟೇ ಅಲ್ಲ, ಮೊದಲ ಸಲ ಇಎಸ್‌ಐಗೆ ಸೇರಿದವರಿಗೆ ಸೇರಿ ಒಂಬತ್ತು ತಿಂಗಳಾಗುವವರೆಗೆ ಸೌಲಭ್ಯದ ಅವಧಿಯೇ ಶುರುವಾಗುವುದಿಲ್ಲ. ಹೊಸ ಸಂಖ್ಯೆಯೊಂದನ್ನೇ ಹಿಡಿದರೆ ಆ ಕಾರಣಕ್ಕೂ ಫೆಬ್ರವರಿ ಹೆರಿಗೆ ಹೊರಗುಳಿಯುತ್ತದೆ.

ಮಾಡಬೇಕಾದ್ದು: ಹಳೇ ಪೇ ಸ್ಲಿಪ್ ಅಥವಾ ಇ-ಪೆಹಚಾನ್ (ಇಎಸ್‌ಐ ಗುರುತಿನ) ಕಾರ್ಡಿನಲ್ಲಿರುವ ವಿಮಾ ಸಂಖ್ಯೆ ಹೊಸದರ ಜೊತೆ ತಾಳೆಯಾಗುತ್ತಾ ನೋಡಿ. ಬೇರೆ ಬೇರೆ ಇದ್ದರೆ ಹಳೆಯದನ್ನು ಉಳಿಸಿ ಹೊಸದನ್ನು ಅದಕ್ಕೆ ವಿಲೀನ ಮಾಡಿ ಅಂತ ಕಂಪನಿಯ ಲೆಟರ್‌ಹೆಡ್‌ನಲ್ಲಿ ಎರಡೂ ಸಂಖ್ಯೆ ಬರೆಸಿ, ಆಧಾರ್ ಪ್ರತಿ ಮತ್ತು ಎರಡೂ ಕಡೆಯ ಪೇ ಸ್ಲಿಪ್ ಇಟ್ಟು ಇಎಸ್‌ಐ ಶಾಖಾ ಕಚೇರಿಗೆ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಒಂದರಲ್ಲಿ ತವರಿನ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು ಇದ್ದರೆ ಮೊದಲು ಅದನ್ನು ಆಧಾರ್‌ನಂತೆ ಸರಿಮಾಡಿಸಿ, ಇಲ್ಲದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಹೆರಿಗೆಗೆ ಮುಂಚೆ ಮುಗಿಸಿಕೊಳ್ಳಿ, ಬಾಣಂತನದಲ್ಲಿ ಇದಕ್ಕೆ ಓಡಾಡಲು ಆಗುವುದಿಲ್ಲ.

22,000ಕ್ಕೆ ಏರಿದರೂ ಚಿಂತೆ ಬೇಡ. ವಂತಿಗೆ ಅವಧಿಯ ಮಧ್ಯೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ, ಅಂದರೆ ಮಾರ್ಚ್ 31ರವರೆಗೆ, ಇಎಸ್‌ಐ ಮುಂದುವರಿಯಲೇಬೇಕು. ಜನವರಿಯಲ್ಲೇ ಕಟ್ ನಿಲ್ಲಿಸಿದರೆ ತಪ್ಪು ಕಂಪನಿಯದು.

ಚೊಚ್ಚಲ_ಅಪ್ಪ

ನೋಡಿದೆ ಸರ್, ಎರಡೂ ಸಂಖ್ಯೆ ಬೇರೆ ಬೇರೆ ಇವೆ. ಎಚ್‌ಆರ್‌ಗೆ ಕೇಳಿದರೆ "ಅವರು ಹೇಳಲಿಲ್ಲ" ಅಂದರು. ಪತ್ರ ಕೊಡುತ್ತೇವೆ ಅಂದಿದ್ದಾರೆ. ಕೈಗೆ ಎಷ್ಟು ಬರಬಹುದು?

ಉತ್ತರ 2: ಶಾಖಾ_ಕಚೇರಿ_ಸಾಲು

ದಿನದ ಸರಾಸರಿ ವೇತನ × 182 ದಿನ (26 ವಾರ). ಆಗಸ್ಟ್–ಸೆಪ್ಟೆಂಬರ್‌ನ ಸಂಬಳವನ್ನು 58 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 640, ಒಟ್ಟು 1,16,000ದ ಆಸುಪಾಸು. ಭಾನುವಾರ, ಹಬ್ಬ ಎಲ್ಲ ಸೇರಿಯೇ 182. ಕಂಪನಿ ತಿಂಗಳ ವಂತಿಗೆಯಲ್ಲಿ ಎಷ್ಟು ದಿನ ನಮೂದಿಸಿದೆ ಅನ್ನುವುದರ ಮೇಲೆ ಈ ದರ ಹೆಚ್ಚು ಕಡಿಮೆ ಆಗುತ್ತದೆ, ಇಎಸ್‌ಐ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಹೆರಿಗೆಗೆ ಮುಂಚೆ ಗರಿಷ್ಠ 8 ವಾರ ತೆಗೆದುಕೊಳ್ಳಬಹುದು, ನಿಮಗೆ ಅದು ಡಿಸೆಂಬರ್ 24. ಅಂದೇ ಶುರುಮಾಡಿದರೆ ಜೂನ್ 23ಕ್ಕೆ ಮುಗಿಯುತ್ತದೆ. ಮುಂಚೆ ಕಡಿಮೆ ತೆಗೆದುಕೊಂಡಷ್ಟೂ ಮಗುವಿನ ಜೊತೆ ಹೆಚ್ಚು ದಿನ. ಭತ್ಯೆ ಪಡೆಯುವ ದಿನಗಳಲ್ಲಿ ಹಾಜರಿ ಹಾಕಿ ಸಂಬಳ ಎಣಿಸುವಂತಿಲ್ಲ, ಮನೆಯಿಂದ ಕೆಲಸವೂ ಕೆಲಸವೇ. ಸಂಬಳ ಇಲ್ಲದ್ದರಿಂದ ಆಗ ಪಿಎಫ್ ಕೂಡ ಬೀಳುವುದಿಲ್ಲ.

ಗರ್ಭಿಣಿ ಪ್ರಮಾಣಪತ್ರವನ್ನು ನಿಮ್ಮ ಇಎಸ್‌ಐ ಚಿಕಿತ್ಸಾಲಯದ ವೈದ್ಯರಿಂದ ಈಗಲೇ ಪಡೆಯಿರಿ. ಖಾಸಗಿ ಆಸ್ಪತ್ರೆಯಲ್ಲೇ ಹೆರಿಗೆ ಅಂದುಕೊಂಡಿದ್ದರೂ ಚಿಕಿತ್ಸಾಲಯದ ದಾಖಲೆ ಮೊದಲಿಂದ ಇದ್ದರೆ ಆಮೇಲೆ ಡಿಸ್ಚಾರ್ಜ್ ಸಮರಿ, ಜನನ ಪ್ರಮಾಣಪತ್ರ ಒಪ್ಪಿಸುವುದು ಸುಲಭ. ಕ್ಲೇಮ್ ಆನ್‌ಲೈನ್‌ನಲ್ಲೂ ಹಾಕಬಹುದು.

ಉತ್ತರ 3: ತಾಯಿಕಾರ್ಡ್

ಮಾತೃ ವಂದನಾ ನಿಮಗೆ ಬರುವುದಿಲ್ಲ. ಬೇರೆ ಕಾನೂನಿನಡಿ ಇದೇ ಥರದ ಹೆರಿಗೆ ಸೌಲಭ್ಯ ಪಡೆಯುವವರನ್ನು ಯೋಜನೆಯೇ ಹೊರಗಿಟ್ಟಿದೆ. ಅಂಗನವಾಡಿಯಲ್ಲಿ "ಹಾಕಿ ನೋಡೋಣ" ಅನ್ನಬಹುದು, ಆದರೆ ಘೋಷಣೆಗೆ ಸಹಿ ಹಾಕುವವರು ನೀವು. ಇಎಸ್‌ಐ ಇಲ್ಲದ ಅರ್ಹರಿಗೆ ಮೊದಲ ಮಗುವಿಗೆ 3,000 ಮತ್ತು 2,000 ಎರಡು ಕಂತು, ಎರಡನೆಯದು ಹೆಣ್ಣಾದರೆ 6,000 ಒಂದೇ ಕಂತು. ಅವರಲ್ಲಿ ಹಣ ನಿಲ್ಲುವುದು ಹೆಚ್ಚಾಗಿ ತಾಯಿಯ ಖಾತೆಗೆ ಆಧಾರ್ ಜೋಡಣೆ ಆಗದೆ. ಗಂಡನ ಖಾತೆ ಕೊಟ್ಟರೆ ನಡೆಯುವುದಿಲ್ಲ.

ತಾಯಿ ಕಾರ್ಡನ್ನು ಮಾತ್ರ ಹೇಗಿದ್ದರೂ ಮಾಡಿಸಿ, ಲಸಿಕೆಗೆ ಬೇಕೇ ಬೇಕು.

ಉತ್ತರ 4: ರಜಾ_ನಿಯಮ

ನಿಮ್ಮ ರಜೆ: ಕೇಂದ್ರ ನಾಗರಿಕ ಸೇವಾ ರಜಾ ನಿಯಮ 43-ಎ, 15 ದಿನ, ಪೂರ್ಣ ಸಂಬಳ. ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರಬೇಕು. ಹೆರಿಗೆಗೆ 15 ದಿನ ಮುಂಚಿನಿಂದ ಹೆರಿಗೆಯಾಗಿ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ಹೋಯಿತು. ಗಳಿಕೆ ರಜೆಯಿಂದ ಕಳೆಯುವುದಿಲ್ಲ, ಅದರ ಜೊತೆ ಸೇರಿಸಿಯೂ ಹಾಕಬಹುದು. ಗ್ರಾಮೀಣ ಡಾಕ್ ಸೇವಕರಿಗೆ ಈ ನಿಯಮ ಅನ್ವಯವಾಗುವುದಿಲ್ಲ, ನೀವು ಕಾಯಂ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಖಾಸಗಿಯವರು ಇದನ್ನು ಓದಿ ಎಚ್‌ಆರ್ ಹತ್ತಿರ ಹೋಗಬೇಡಿ. ಖಾಸಗಿ ಕೆಲಸದ ಅಪ್ಪಂದಿರಿಗೆ ಇಂಥ ರಜೆ ಕಾನೂನಿನಲ್ಲೇ ಇಲ್ಲ, ಕಂಪನಿಯ ಪಾಲಿಸಿಯಲ್ಲಿದ್ದರೆ ಮಾತ್ರ ಉಂಟು.